ಜರ್ಮನ್ ಬೋಗಾಣ್ಯಾಗ ಕಾಸ್ಟಿಕ್ ಸೋಡಾ ಹಾಕಿದ್ವಿ, ಬೋಗಾಣಿಗೆ ತೂತ ಬಿತ್ತು. ಉಳದದ್ದನ್ನ ಏನ ಮಾಡೋದ್ರಿ?

ಗುಳೇದಗುಡ್ಡದಾಂವ
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಮನಿ ಬಚ್ಚಲದ ನೀರ ಹೋಗೂದು ನಿಂತು ನಾಕ ದಿನಾ ಆಗಿತ್ತು. ಓಣ್ಯಾಗ ಯಾರೋ ಕಾಸ್ಟಿಕ್ ಸೋಡಾ ಹಾಕ್ರಿ ಬರೋಬರಿ ಆಗ್ತೈತಿ ಅಂದ್ರು, ನಾನೂ ನೂಲಿನ ಬಣ್ಣಾ ಮಾರೋ ಅಂಗಡಿಗೆ ಹೋಗಿ ಒಂದ ಕೇಜಿ ತಂದೆ. ಪ್ಲಾಸ್ಟಿಕ್ ಚೀಲದಾಗ ಗಂಟ ಕಟ್ಟಿ ಕೊಟ್ಟಾ, ಹೆಸರಿಲ್ಲ ಚೀಟಿ ಇಲ್ಲ. ಅವ್ವ ಅದರಾಗ ಅರ್ಧಾ ಹಳೇ ಜರ್ಮನ್ ಬೋಗಾಣ್ಯಾಗ ಸುರುವಿ ಮ್ಯಾಲ ಹಂಡೇದಾಗಿನ ಬಿಸಿನೀರ ಹಾಕಿದ್ಲು. ಯಪ್ಪಾ, ಹಾಲ ಉಕ್ಕಿದಂಗ ಉಕ್ಕಿ ಬಂತ್ರಿ, ಬುರುಗು, ಹೊಗಿ, ಮೂಗು ಗಂಟಲಾ ಎಲ್ಲಾ ಉರಿ. ಅವ್ವನ ಕೈ ಹಿಡಿದು ಹೊರಗ ಎಳಕೊಂಡು ಬಂದೆ. ಬೋಗಾಣಿ ಒಳಗೆಲ್ಲಾ ಕರ್ರಗಾಗಿ ಅರ್ಧ ತಾಸಿನ್ಯಾಗ ತಳಕ್ಕ ತೂತ ಬಿತ್ತು, ಮೊದಲ ಸವದಿತ್ತು ಅನ್ರಿ. ನನ್ನ ಪಾದದ ಮ್ಯಾಲ ಒಂದೆರಡು ಹನಿ ಸಿಡಿದಿದ್ವು, ಲಿಂಬಿಹಣ್ಣ ತಿಕ್ಕಿದೆ, ಈಗ ಕೆಂಪಗಾಗೈತಿ.

ಈಗ ಕೇಳೂದು ಏನಂದ್ರ ಇದು ಹಿಂಗ್ಯಾಕ ಆತು, ಇನ್ನರ್ಧ ಕೇಜಿ ಉಳದೈತಿ ಅದನ್ನ ಏನ ಮಾಡ್ಲಿ, ಸಬಕಾರ ಮಾಡಾಕ ಬರ್ತೈತೇನು. ಮತ್ತ ಬಚ್ಚಲಾ ಇನ್ನೂ ಹಂಗ ಐತಿ.

ಕುಂದಾನಗರಿ
ಮೊದಲ ಲಿಂಬಿಹಣ್ಣ ಬಿಡ್ರಿ ಮಾರಾಯ್ರ, ನಲ್ಲಿ ಕೆಳಗ ಪಾದಾ ಇಡ್ರಿ. ಆಮ್ಯಾಲ ಬಂದು ಓದ್ರಿ.

ಬಾದಾಮಿ_ಬನಶಂಕರಿ
ಲಿಂಬಿಹಣ್ಣ ಯಾಕ ಬ್ಯಾಡ? ಸೋಡಾ ಅಂದ್ರ ಕ್ಷಾರ, ಹುಳಿ ಹಾಕಿದ್ರ ಸಮ ಆಗ್ತೈತಿ ಅಂತ ಎಂಟನೇತ್ತೆದಾಗ ಓದೇವಲ್ಲ.

ನಿವೃತ್ತ_ಮಾಸ್ತರ
ಎಂಟನೇತ್ತೆದಾಗ ಓದಿದ್ದು ಖರೇ ಐತಿ ತಂಗಿ, ಆದ್ರ ಅಲ್ಲಿ ಬೀಕರ್ ಇತ್ತು, ಇಲ್ಲಿ ಪಾದಾ ಐತಿ. ಆಮ್ಲ ಕ್ಷಾರ ಕೂಡಿದ್ರ ಶಾಖ ಹುಟ್ಟತೈತಿ, ಸುಟ್ಟ ಚರ್ಮದ ಮ್ಯಾಲ ಮತ್ತ ಶಾಖಾನ? ಅದೂ ಅಲ್ದ ಎಷ್ಟು ಸೋಡಾಕ್ಕ ಎಷ್ಟು ಲಿಂಬಿರಸ ಅಂತ ಯಾರು ಅಳದು ಹಾಕ್ತಾರ, ಲಿಂಬಿಹಣ್ಣ ಹುಡುಕೋದ್ರಾಗ ಎರಡ ನಿಮಿಷ ಹೋದ್ವು ಅಂದ್ರ ಅಷ್ಟೂ ಹೊತ್ತು ಅದು ಒಳಗ ಇಳೀತಿರ್ತೈತಿ. ಹರಿಯೋ ನೀರು, 15-20 ನಿಮಿಷ, ಗಡಿಯಾರ ನೋಡಿ. ಒಣಾ ಚಕ್ಕಿ ಮೈಮ್ಯಾಲ ಬಿದ್ದಿದ್ರ ಮಾತ್ರ ಮೊದಲ ಒಣಾ ಅರಿವೀಲೆ ಜಾಡಿಸಿ ಆಮ್ಯಾಲ ನೀರ ಹಾಕಬೇಕು.

ಬೋಗಾಣಿ ಯಾಕ ಹಂಗಾತು ಅಂದ್ರ ಮೂರು ತಪ್ಪು ಒಂದ ಸಲಕ್ಕ ಆಗ್ಯಾವ. ಸೋಡಾದ ಮ್ಯಾಲ ನೀರ ಹಾಕಿದ್ದು ಒಂದು. ನೀರಿನ್ಯಾಗ ಸೋಡಾ ಹಾಕಬೇಕು, ಅದೂ ಸ್ವಲ್ಪ ಸ್ವಲ್ಪ, ಕೈಯಾಡಿಸ್ಕೋತ. ಸೋಡಾ ಕರಗೋವಾಗ ತಾನ ಕಾಯತೈತಿ, ಒಂದ ಲೀಟರ್ ತಣ್ಣೀರಿಗೆ 100 ಗ್ರಾಂ ಹಾಕಿದ್ರ ಸಾಕು 25 ಡಿಗ್ರಿ ಸುಮಾರು ಬಿಸಿ ಏರತೈತಿ, ಗಟ್ಟಿ ದ್ರಾವಣ ಮಾಡಿದ್ರ 80-90 ಡಿಗ್ರಿಗೂ ಹೋಗತೈತಿ. ನೀವು ಅದಕ್ಕ ಮೊದಲ ಕಾದ ನೀರ ಹಾಕೀರಿ, ಅದು ಎರಡನೇದು. ಮೂರನೇದು ಜರ್ಮನ್ ಬೋಗಾಣಿ.

ಮೈಸೂರು_ಮಲ್ಲಿಗೆ
ಜರ್ಮನ್ ಬೋಗಾಣಿ ಅಂದ್ರೆ ಏನ್ರೀ? ಜರ್ಮನಿಯಿಂದ ತರಿಸಿದ್ದಾ?

ಕುಂದಾನಗರಿ
ಹ್ಞೂಂರಿ ಇಮಾನದಾಗ ಬಂದೈತಿ 😄 ಅಲ್ಯೂಮಿನಿಯಂ ಪಾತ್ರೆಕ್ಕ ನಮ್ಮ ಕಡೆ ಜರ್ಮನ್ ಅಂತಾರ.

ನಿವೃತ್ತ_ಮಾಸ್ತರ
ಹಾಂ, ಅದನ್ನ ಹೇಳಾವಿದ್ದೆ. ಅಲ್ಯೂಮಿನಿಯಂನ್ನ ಕಾಸ್ಟಿಕ್ ತಿಂತೈತಿ. ಸಾದಾ ನೀರಿಗೆ ಅದು ಜಗ್ಗಂಗಿಲ್ಲ, ಯಾಕಂದ್ರ ಮ್ಯಾಲ ಒಂದು ತೆಳು ಆಕ್ಸೈಡ್ ಪದರ ಇರ್ತೈತಿ. ಕಾಸ್ಟಿಕ್ ಆ ಪದರಾನ ಮೊದಲ ಕರಗಸತೈತಿ, ಆಮ್ಯಾಲ ಒಳಗಿನ ಲೋಹ. ನೀವು ಕಂಡ ಬುರುಗು ಬರೇ ಕುದಿಯಲ್ಲ, ಹೈಡ್ರೋಜನ್ ಗ್ಯಾಸು. ಮೂಗು ಉರಿದದ್ದು ಆ ಗ್ಯಾಸಿಗೆ ಅಲ್ಲ, ಅದು ಹೊತ್ಕೊಂಡು ಬಂದ ಸೋಡಾದ ಸಣ್ಣ ಸಣ್ಣ ಹನಿಗೆ. ಬಚ್ಚಲದಾಗ ಹಂಡೇದ ಒಲಿ ಉರೀತಿತ್ತೇನು?

ಗುಳೇದಗುಡ್ಡದಾಂವ
ಉರೀತಿತ್ತು ಸರ್ರ.

ನಿವೃತ್ತ_ಮಾಸ್ತರ
ಬರೇ ಬೋಗಾಣಿ ಹೋತು ಅಂತ ಬನಶಂಕರಿಗೆ ಕಾಯಿ ಒಡೀರಿ. ಹೈಡ್ರೋಜನ್ನಿಗೆ ಕಿಡಿ ಸಾಕು.

ಕುಂದಾನಗರಿ
ಮಾಸ್ತರ ಹೇಳಿದ್ದಕ್ಕ ಒಂದು ಮಜಾ ಸಂಗತಿ ಕೂಡಸ್ತೇನಿ. ನಮ್ಮ ಬೆಳಗಾವ್ಯಾಗ ಹಿಂಡಾಲ್ಕೋದ ಅಲ್ಯೂಮಿನಾ (ಅಲ್ಯೂಮಿನಿಯಂ ತಗಿಯೋ ಬಿಳಿ ಪುಡಿ) ಕಾರ್ಖಾನಿ ಐತಲ್ಲ, ಅಲ್ಲಿ ಮಾಡೋ ಕೆಲಸಾನ ಇದು. ಬಾಕ್ಸೈಟ್ ಅನ್ನೋ ಅದಿರಿನ ಕಲ್ಲು ಪುಡಿ ಮಾಡಿ ಬಿಸಿ ಕಾಸ್ಟಿಕ್ ದ್ರಾವಣದಾಗ ಒತ್ತಡ ಕೊಟ್ಟು ಕುದಸ್ತಾರ, ಅದರಾಗಿನ ಅಲ್ಯೂಮಿನಾ ಅಷ್ಟ ಕರಗಿ ಸೋಡಾದ ಜೋಡಿ ಹೋಗತೈತಿ, ಕಬ್ಬಿಣ ಗಿಬ್ಬಿಣ ಎಲ್ಲಾ ಕರಗದ ಕೆಂಪು ರಾಡಿ ಆಗಿ ತಳಕ್ಕ ಕೂಡತೈತಿ. ಬೇಯರ್ ಅನ್ನಾಂವ 1888ರಾಗ ಪೇಟೆಂಟ್ ಮಾಡಿದ ವಿಧಾನ, ಇವತ್ತಿಗೂ ಅದ ನಡದೈತಿ. ಅಂದ್ರ ನಿಮ್ಮ ಬೋಗಾಣಿ ಹುಟ್ಟಿದ್ದು ಕಾಸ್ಟಿಕ್‌ನ್ಯಾಗ, ಸತ್ತದ್ದೂ ಕಾಸ್ಟಿಕ್‌ನ್ಯಾಗ.

ಇಳಕಲ್_ಬಣ್ಣದಮನಿ
ಎಲ್ಲಾರೂ ಕೂಡಿ ಕಾಸ್ಟಿಕ್‌ನ್ನ ರಾಕ್ಷಸ ಮಾಡಬ್ಯಾಡ್ರಿ, ನಮ್ಮ ಮೂರು ತಲಿಮಾರು ಅದರ ಮ್ಯಾಲ ಉಂಡೇವಿ. ಹತ್ತಿ ನೂಲಿಗೆ ನ್ಯಾಫ್ತಾಲ್ ಬಣ್ಣಾ ಹಾಕಬೇಕಂದ್ರ ಅದು ಬರೇ ನೀರಾಗ ಕರಗಂಗಿಲ್ಲ. ಕಾಸ್ಟಿಕ್ ನೀರಾಗ ಕುದಿಸಿದ್ರ ಕರಗಿ ತಿಳಿ ಆಗತೈತಿ. ಅದರಾಗ ನೂಲಿನ ಲಡಿ ಅದ್ದಿ ಹಿಂಡಿ ತಗದ್ರ ಬಣ್ಣ ಕಾಣೂದ ಇಲ್ಲ, ಮಾಸಿದ ಹಳದಿ ಇರ್ತೈತಿ ಅಷ್ಟ. ಅದ ಲಡೀನ ಬಣ್ಣಾ ಹುಟ್ಟಿಸೋ ಇನ್ನೊಂದು ರಸಾಯನ ಇರೋ ಎರಡನೇ ತೊಟ್ಟ್ಯಾಗ ಅದ್ದಿದ ಕೂಡ್ಲೇ ಕಣ್ಣ ಮುಂದ ಕೆಂಪ ಉಕ್ಕತೈತಿ ನೋಡ್ರಿ, ಸಣ್ಣಾವ ಇದ್ದಾಗ ಜಾದೂ ಅಂತ ತಿಳದಿದ್ದೆ. ನೀಲಿ ವ್ಯಾಟ್ ಬಣ್ಣಕ್ಕೂ ಕಾಸ್ಟಿಕ್ ಬೇಕು, ಹೈಡ್ರೋಸ್ (ಸೋಡಿಯಂ ಹೈಡ್ರೋಸಲ್ಫೈಟ್ ಪುಡಿ) ಬೇಕು, ತೊಟ್ಟ್ಯಾಗಿಂದ ಹಸರು ಹಳದಿ ಬರೋ ಲಡಿ ಗಾಳಿ ಬಡದಂಗ ಬಡದಂಗ ನೀಲಿ ಆಗತೈತಿ.

ಆದ್ರ ನಮ್ಮ ಮುತ್ಯಾನ ಕೈ ನೋಡಬೇಕಿತ್ತು ನೀವು. ಬೊಟ್ಟಿನ ರೇಖಿ ಅಳಿಸಿ ಹೋಗಿದ್ವು, ಉಗುರು ಅರ್ಧಕ್ಕ ಸವದಿದ್ವು. ಅಂವ ನೀರಾಗ ಬೊಟ್ಟ ಅದ್ದಿ ಹೆಬ್ಬೆಟ್ಟಿಗೆ ತಿಕ್ಕಿ ನೋಡಿ ಸೋಡಾ ಸಾಲಂಗಿಲ್ಲ ಇನ್ನ ಹಾಕ ಅಂತಿದ್ದ. ಜಾರಿಕಿ ಇದ್ರ ಸಾಕು ಅಂತ ಲೆಕ್ಕಾ.

ನಿವೃತ್ತ_ಮಾಸ್ತರ
ಆ ಜಾರಿಕಿ ಏನು ಗೊತ್ತೇನ್ರಿ? ನಮ್ಮ ಚರ್ಮದಾಗಿನ ಎಣ್ಣಿಜಿಡ್ಡು ಸಬಕಾರ ಆಗೂದು. ನಿಮ್ಮ ಮುತ್ಯಾ ದಿನಾ ತನ್ನ ಕೈಯ ಸಬಕಾರ ಮಾಡ್ಕೋತಿದ್ದಾ.

ಇಳಕಲ್_ಬಣ್ಣದಮನಿ
ಸರ್ರ ಈ ಮಾತು ಓದಿ ಒಂದು ಗಳಿಗಿ ಸುಮ್ಮ ಕುಂತೆ. ನಾನೂ ಹಂಗ ಬೊಟ್ಟ ಅದ್ದಿ ನೋಡಾಂವ. ಈಗ ರಬ್ಬರ್ ಕೈಚೀಲ ಅದಾವ, ಹಾಕ್ಕೊಂಡ್ರ ನೂಲ ಹಿಡಿಯಾಕ ಬರಂಗಿಲ್ಲ ಅಂತ ತಗದ ಇಡ್ತೇವಿ.

ಮುಧೋಳ_ಸೀಮಿ
ನಾ ಸಕ್ಕರಿ ಕಾರ್ಖಾನ್ಯಾಗ 19 ವರ್ಷ, ಹೆಸರು ಬ್ಯಾಡ. ಕಬ್ಬಿನ ರಸ ಕುದಿಸೋ ದೊಡ್ಡ ದೊಡ್ಡ ಬಾಡಿ ಇರ್ತಾವಲ್ಲ, ಅದರ ಒಳಗಿನ ನಳಿಗೆ ಸೀಸನ್ ನಡುವ ಗಟ್ಟಿ ಪಾಚಿಯಂಗ ಕಲ್ಲು ಕೂಡತೈತಿ, ಉಗಿ ಶಾಖ ರಸಕ್ಕ ಮುಟ್ಟಂಗಿಲ್ಲ. ಆವಾಗ ಕಾಸ್ಟಿಕ್ ನೀರು ತುಂಬಿಸಿ ತಾಸಗಟ್ಲೆ ಕುದಸ್ತಾರ, ಆಮ್ಯಾಲ ತೊಳದು ನಳಿಗೆಯೊಳಗ ಬ್ರಷ್ ಹೊಡೀತಾರ. ಒಂದ ಸಲ ಪಂಪಿನ ಜಾಯಿಂಟ್ ಕಡೆ ಹನಿ ಹನಿ ಸೋರ್ತಿತ್ತು, ನಮ್ಮ ಹುಡುಗ ಒಬ್ಬಾಂವ ಕನ್ನಡಕ ಹಣಿ ಮ್ಯಾಲ ಏರಿಸ್ಕೊಂಡು ಬಗ್ಗಿ ನೋಡಿದ. ಚುಳ್ ಅಂತ ಕಣ್ಣಿಗೆ ಹೊಡೀತು. ಬಾಜೂಕ ಕಣ್ಣ ತೊಳಿಯೋ ನಲ್ಲಿ ಇತ್ತು, ತಿರುವಿದ್ರ ನೀರಿಲ್ಲ! ಕೆಂಪ ಬಣ್ಣಾ ಹೊಡದು ಬೋರ್ಡ್ ಹಾಕ್ಯಾರ, ಪೈಪಿಗೆ ನೀರಿಲ್ಲ. ಕುಡಿಯೋ ನೀರಿನ ಕ್ಯಾನ್ ಒಂದರ ಹಿಂದ ಒಂದು ತಂದು ಸುರುವಿದ್ವಿ. ಕಣ್ಣ ಉಳೀತು, ಆದ್ರ ಇವತ್ತಿಗೂ ಆ ಕಣ್ಣಿಗೆ ಮಂಜ ಮಂಜ ಕಾಣತೈತಿ ಅಂತಾನ. ಅವತ್ತಿಂದ ನಾ ಪಾಳಿಗೆ ಹೋದ ಕೂಡ್ಲೇ ಮೊದಲ ಆ ನಲ್ಲಿ ತಿರುವಿ ನೋಡ್ತೇನಿ, ಆಮ್ಯಾಲ ಹಾಜರಿ.

ಸಿಸ್ಟರ್_ವಿಜಯಪುರ
ಮುಧೋಳ ಅಣ್ಣಾರು ಹೇಳಿದ್ದಕ್ಕ ನಂದೂ ಎರಡ ಮಾತು. ಮಂದಿ ಆ್ಯಸಿಡ್‌ಗೆ ಅಂಜತಾರ, ಸೋಡಾಕ್ಕ ಅಂಜಂಗಿಲ್ಲ. ಕಣ್ಣಿಗಂತೂ ಬಹಳಷ್ಟು ಸಲ ಕ್ಷಾರಾನ ಕೆಟ್ಟದ್ದು. ಆ್ಯಸಿಡ್ ಬಿದ್ದಲ್ಲಿ ಮಾಂಸ ಹೆಪ್ಪುಗಟ್ಟಿ ಒಂದು ತಡಿ ಆಗತೈತಿ, ಕ್ಷಾರ ಮಾಂಸಾನ ಕರಗಿಸ್ಕೋತ ಒಳಗೊಳಗ ಹೋಗತೈತಿ. ಕಣ್ಣಿಗೆ ಬಿದ್ರ ರೆಪ್ಪಿ ಬಿಡಿಸಿ ಹಿಡಿದು ಕಡಿಮಿ ಅಂದ್ರೂ 20-30 ನಿಮಿಷ ನೀರು, ಮೂಗಿನ ಕಡಿಂದ ಕಿವಿ ಕಡೆ ಹರಿಯೋ ಹಂಗ, ಇಲ್ಲಾಂದ್ರ ಚಲೋ ಕಣ್ಣಿಗೂ ಹೋಗತೈತಿ. ತೊಳಕೋತ ಇರೋವಾಗ ಇನ್ನೊಬ್ರು 108ಕ್ಕ ಫೋನ್ ಹಚ್ಚಬೇಕು. ಕಣ್ಣಿಗೆ ಜೇನುತುಪ್ಪ, ಹಾಲು, ಎಣ್ಣಿ ಏನೂ ಬ್ಯಾಡ.

ಮತ್ತ ನಮ್ಮ ಕಡೆ ಇನ್ನೊಂದು ಪಿಡುಗು ಐತಿ, ತಂಬಾಕದ ಸುಣ್ಣದ ಡಬ್ಬಿ, ಸುಣ್ಣದ ಪಾಕೀಟು. ಮುತ್ಯಾ ಕಟ್ಟಿ ಮ್ಯಾಲ ಇಟ್ಟು ಹೋಗಿರ್ತಾನ, ಮಮ್ಮಗಾ ಹಿಚುಕಿ ನೋಡತೈತಿ, ಪಿಚಕ್ ಅಂತ ನೆಟ್ಟಗ ಕಣ್ಣಾಗ. ಸುಣ್ಣಾನೂ ಕ್ಷಾರಾನ, ಅದೂ ಅಂಟಿಕೊಂಡು ಕೂಡೋ ಕ್ಷಾರ, ರೆಪ್ಪಿ ಒಳಗ ಹಿಟ್ಟಿನಂಗ ಉಳದಿರ್ತೈತಿ. ಅದನ್ನ ತೊಳದು ತಗೀಬೇಕು, ಆಮ್ಯಾಲ ಕಣ್ಣಿನ ಡಾಕ್ಟರ ಹತ್ರ ಓಡಬೇಕು.

ಜಮಖಂಡಿ_ಜಗಲಿ
ಸುಣ್ಣದ ಮಾತು ಖರೇ. ನಮ್ಮ ಅಣ್ಣನ ಮಗಾ ಹಂಗ ಮಾಡ್ಕೊಂಡಿದ್ದಾ. ಅವತ್ತಿಂದ ನಮ್ಮಪ್ಪ ತಂಬಾಕಾ ಬಿಟ್ಟಿಲ್ಲ, ಆದ್ರ ಸುಣ್ಣದ ಡಬ್ಬಿ ಮಾತ್ರ ಅಂಗಿ ಒಳಕಿಸೆದಾಗ 😐

ಬಾದಾಮಿ_ಬನಶಂಕರಿ
ಅಲ್ರಿ ನನಗ ಒಂದು ಅಂಜಿಕಿ ಬಂತು. ಮಿರ್ಚಿ ಭಜಿಗೆ ಹಾಕೋ ಸೋಡಾ, ಅರಿವಿ ಒಗಿಯೋ ಸೋಡಾ, ಈ ಕಾಸ್ಟಿಕ್ ಸೋಡಾ ಎಲ್ಲಾ ಒಂದನ?

ನಿವೃತ್ತ_ಮಾಸ್ತರ
ಮೂರೂ ಸೋಡಿಯಂ ಮನಿತನದಾವ ಆದ್ರ ಗುಣಾ ಬ್ಯಾರೆ. ಭಜಿ ಸೋಡಾ ಬೈಕಾರ್ಬನೇಟ್, ಬಡವಿ ಪಾಪ. ಅರಿವಿ ಸೋಡಾ ಕಾರ್ಬನೇಟ್, ಸ್ವಲ್ಪ ಖಾರ. ಕಾಸ್ಟಿಕ್ ಅಂದ್ರ ಹೈಡ್ರಾಕ್ಸೈಡ್, ಲೀಟರಿಗೆ 40 ಗ್ರಾಂ ಹಾಕಿದ್ರ ಪಿಎಚ್ (ಆಮ್ಲ ಕ್ಷಾರದ ಅಳತಿ, 7 ಅಂದ್ರ ಸಮ) 14ಕ್ಕ ಮುಟ್ಟತೈತಿ. ಮೂರೂ ಬೆಳ್ಳಗ ಇರ್ತಾವ, ಅದ ತ್ರಾಸು. ಹೆಸರಿಲ್ಲದ ಚೀಲದಾಗ ತಂದು ಅಡಗಿಮನಿ ಮಾಡದಾಗ ಇಟ್ಟ್ರ ನಾಳೆ ಯಾರರ ಭಜಿ ಹಿಟ್ಟಿಗೆ ಹಾಕ್ತಾರ.

ಸಿಸ್ಟರ್_ವಿಜಯಪುರ
ಹಾಕ್ಯಾರ್ರಿ. ಹಿಟ್ಟಿಗೆ ಅಲ್ಲ, ತಂಪು ಪಾನೀಯದ ಖಾಲಿ ಬಾಟ್ಲ್ಯಾಗ ದ್ರಾವಣ ಮಾಡಿ ಇಟ್ಟಿದ್ರು, ನೀರು ಅಂತ ಕುಡದ ಬಂದಿತ್ತು ಒಂದು ಹುಡುಗಿ. ಮನ್ಯಾಗ ಉಪ್ಪನೀರ ಕುಡಿಸಿ ವಾಂತಿ ಮಾಡಿಸಿದ್ರು, ಅದು ದೊಡ್ಡ ತಪ್ಪು. ಇಳಿಯೋವಾಗ ಒಮ್ಮೆ ಸುಟ್ಟದ್ದು ಏರೋವಾಗ ಮತ್ತೊಮ್ಮೆ ಸುಡತೈತಿ. ವಾಂತಿ ಮಾಡಸಬ್ಯಾಡ್ರಿ, ಹುಳಿ ಕುಡಸಬ್ಯಾಡ್ರಿ, ಬಾಯಿ ತೊಳಿಸಿ ನೆಟ್ಟಗ ದವಾಖಾನಿ. ಆ ಹುಡುಗಿ ಅನ್ನನಾಳ ಆಮ್ಯಾಲ ಗಾಯ ಮಾಯ್ಕೋತ ಸಣ್ಣ ಆಗಿ ಗಂಜಿ ಇಳಿಯಾಕೂ ತ್ರಾಸ ಪಡ್ತಿತ್ತು, ಎಷ್ಟೋ ಸಲ ಬಂದು ಹಿಗ್ಗಿಸ್ಕೊಂಡು ಹೋಗತಿತ್ತು. ಇದಕ್ಕಿಂತ ಹೆಚ್ಚು ಬರಿಯಾಕ ಮನಸ ಬರಂಗಿಲ್ಲ.

ಗುಳೇದಗುಡ್ಡದಾಂವ
ಅಕ್ಕಾರ ಓದಿ ಎದ್ದು ಹೋಗಿ ಚೀಲ ನೋಡಿ ಬಂದೆ. ಎಲ್ಲಿತ್ತು ಅಂತೀರಿ, ಉಪ್ಪಿನ ಭರಣಿ ಬಾಜೂಕ.

ಸಿಸ್ಟರ್_ವಿಜಯಪುರ
ಈಗಿಂದೀಗ ತಗೀರಿ! ಪಾದಾ ಹೆಂಗೈತಿ? ಬೊಬ್ಬಿ ಬಂದ್ರ ಇಲ್ಲಾ ಬೆಳ್ಳಗ ಬೂದಿ ಬಣ್ಣ ಆದ್ರ ತೋರಸ್ರಿ. ನೋವು ಕಡಿಮಿ ಐತಿ ಅಂತ ಸುಮ್ಮಿರಬ್ಯಾಡ್ರಿ, ಕ್ಷಾರದ ಸುಟ್ಟಗಾಯ ಮೊದಲಿಗೆ ಅಷ್ಟು ನೋಯಂಗಿಲ್ಲ.

ತಿಕೋಟಾ_ದ್ರಾಕ್ಷಿ
ಸಂಬಂಧ ಇಲ್ದ ಒಂದು ಮಾತು. ಊರ ಮಂದಿ ಒಣದ್ರಾಕ್ಷಿಗೆ ಕಾಸ್ಟಿಕ್ ಹಾಕ್ತೀರಿ ಅಂತಲ್ಲ ಅಂತ ನನ್ನ ಕೇಳ್ತಾರ. ಇಲ್ರಿ. ನಾವು ಅದ್ದೂದು ಪೊಟ್ಯಾಸಿಯಂ ಕಾರ್ಬನೇಟ್ ಮತ್ತ ಡಿಪ್ಪಿಂಗ್ ಆಯಿಲ್ ಕೂಡಿಸಿದ ನೀರಾಗ, ಲೀಟರಿಗೆ 25 ಗ್ರಾಂ ಅದು, 15 ಎಂಎಲ್ ಇದು. ಹಣ್ಣಿನ ಮ್ಯಾಲಿನ ಮೇಣ ಸಡಲಾಗಿ ನೀರು ಜಲ್ದಿ ಆರತೈತಿ. ಹಿಂದಕ ಬ್ಯಾರೆ ದೇಶದಾಗ ಬಿಸಿ ಕಾಸ್ಟಿಕ್ ನೀರಾಗ ಕೆಲವು ಸೆಕೆಂಡ್ ಅದ್ದಿ ತಗೀತಿದ್ರಂತ, ಅದ ಮಾತು ತಿರುಗಿ ನಮ್ಮ ಕೊಳ್ಳಿಗೆ ಬಿದ್ದೈತಿ.

ಜಮಖಂಡಿ_ಜಗಲಿ
ಅಂದ್ರ ನಿಶ್ಚಿಂತಿಂದ ತಿನ್ನಬಹುದು. ಒಂದೆರಡು ಕೇಜಿ ಕಳಸ್ರಿ ಪರೀಕ್ಷಾ ಮಾಡಿ ಹೇಳ್ತೇನಿ.

ಹುಲಿ_ಬೆಳಗಾವಿ
ಇಷ್ಟೆಲ್ಲಾ ಪುರಾಣ ಯಾಕ್ರಿ. ಬಚ್ಚಲಕ್ಕ ಟಾಯ್ಲೆಟ್ ತೊಳಿಯೋ ಆ್ಯಸಿಡ್ ಒಂದ ಬಾಟ್ಲಿ ಹಾಕ್ರಿ, ಐದ ನಿಮಿಷದಾಗ ಕೆಲಸ ಫತ್ತೆ. ನಾ ಯಾವಾಗಲೂ ಅದ ಮಾಡಾವ.

ಮುಧೋಳ_ಸೀಮಿ
ಕಾಸ್ಟಿಕ್ ಹಾಕಿದ ಪೈಪಿಗೆ ಆ್ಯಸಿಡ್ ಹಾಕ ಅನ್ನಾಕತ್ತೀರಲ್ಲ, ಬುದ್ಧಿ ಐತೇನ್ರಿ. ಒಳಗ ಎರಡೂ ಕೂಡಿ ಕುದ್ದು ಮಾರಿಗೆ ಸಿಡೀತೈತಿ.

ಹುಲಿ_ಬೆಳಗಾವಿ
ನನಗೇನೂ ಆಗಿಲ್ಲ ಇವತ್ತಿನವರೆಗೂ.

ಮುಧೋಳ_ಸೀಮಿ
ನಮ್ಮ ಹುಡುಗನೂ ಅವತ್ತಿನ ಮುಂಜಾನಿವರೆಗೆ ಹಿಂಗ ಅಂತಿದ್ದಾ.

ನಿವೃತ್ತ_ಮಾಸ್ತರ
ಜಗಳಾ ಬ್ಯಾಡ. ಜಿಡ್ಡು, ಕೂದಲಾ ಸಿಕ್ಕೊಂಡಿದ್ರ ಕಾಸ್ಟಿಕ್ ಕೆಲಸಾ ಮಾಡತೈತಿ, ಜಿಡ್ಡನ್ನ ಸಬಕಾರ ಮಾಡತೈತಿ, ಕೂದಲಾ ಕರಗಸತೈತಿ. ಗಡಸು ನೀರಿನ ಬಿಳಿ ಕಲೆ ಇದ್ರ ಆ್ಯಸಿಡ್. ಎರಡೂ ಒಂದ ದಿನಾ ಒಂದ ಪೈಪಿಗೆ ಬ್ಯಾಡ. ಆ್ಯಸಿಡ್ ಜೋಡಿ ಬ್ಲೀಚಿಂಗ್ ಪೌಡರ್ ಅಂತೂ ಬ್ಯಾಡೇ ಬ್ಯಾಡ, ಕ್ಲೋರಿನ್ ಗ್ಯಾಸ್ ಬರ್ತೈತಿ. ಕಾಸ್ಟಿಕ್ ಹಾಕೋದಿದ್ರೂ ತಣ್ಣೀರಾಗ ಕರಗಿಸಿ, ಪ್ಲಾಸ್ಟಿಕ್ ಬಕೀಟಿನ್ಯಾಗ, ಖಿಡಕಿ ತಗದು. ಕುದಿಯೋದನ್ನ ಸುರುವಿದ್ರ ಪಿವಿಸಿ ಪೈಪೂ ಮೆತ್ತಗಾಗಿ ಸೊಟ್ಟ ಆಗತೈತಿ.

ಸಬಕಾರದ_ಸಾವಿ
ಸಬಕಾರದ ಪ್ರಶ್ನೆ ಎಲ್ಲಾರೂ ಮರತ್ರಿ. ನಾ ಬೆಳಗಾವಿ ಟಿಳಕವಾಡ್ಯಾಗ ಮನ್ಯಾಗ ಮಾಡಿ ಮಾರ್ತೇನಿ. ತೆಂಗಿನೆಣ್ಣಿ 1 ಕೇಜಿಗೆ ಪೂರ್ತಿ ಸಬಕಾರ ಆಗಾಕ 183 ಗ್ರಾಂ ಸುಮಾರು ಕಾಸ್ಟಿಕ್ ಬೇಕು, ನಾ 174 ಅಷ್ಟ ಹಾಕ್ತೇನಿ, ಸ್ವಲ್ಪ ಎಣ್ಣಿ ಉಳದ್ರ ಚರ್ಮಕ್ಕ ಚಲೋ. ಕುಸುಬಿ ಎಣ್ಣಿಗೆ 135ರ ಆಸುಪಾಸು ಸಾಕು. ಅಂದ್ರ ಎಣ್ಣಿ ಬದಲಾದ್ರ ಲೆಕ್ಕಾನೂ ಬದಲು, ಕಣ್ಣಂದಾಜು ನಡಿಯಂಗಿಲ್ಲ, ಗ್ರಾಂ ತೂಗೋ ತಕ್ಕಡಿ ಬೇಕ ಬೇಕು. ಅಚ್ಚಿನ್ಯಾಗ ಹಾಕಿದ ಮ್ಯಾಲ 4-6 ವಾರ ಆರಬೇಕು. ನಾ ಮೊದಲನೇ ಸಲ ನಮ್ಮ ಅತ್ತಿ ಹೇಳಿದಂಗ ವಾಟಗಾದ ಅಳತಿ ಹಾಕಿ ಮಾಡಿದ್ದೆ, ಆ ಸಬಕಾರ ಹಚ್ಕೊಂಡು ನಮ್ಮ ಮನ್ಯಾರು ಬಚ್ಚಲದಾಗ ಕುಣದ ಕುಣಿತ ಇನ್ನೂ ಕಣ್ಣಾಗೈತಿ.

ಆದ್ರ ಅಣ್ಣಾ, ನಿಮ್ಮ ಸೋಡಾದ್ಲೆ ಮೈ ಸಬಕಾರ ಮಾಡಬ್ಯಾಡ್ರಿ. ಬಾಯಿ ಬಿಚ್ಚಿದ ಚೀಲದಾಗ ಅದು ಗಾಳಿಯೊಳಗಿನ ನೀರ ಕುಡದು ಒದ್ದಿ ಆಗಿರ್ತೈತಿ, ಮ್ಯಾಲ ಮ್ಯಾಲ ಕಾರ್ಬನೇಟ್ ಆಗಿರ್ತೈತಿ, 174 ಗ್ರಾಂ ತೂಗಿದ್ರೂ ಖರೇ ಕಾಸ್ಟಿಕ್ ಎಷ್ಟೈತಿ ಗೊತ್ತಾಗಂಗಿಲ್ಲ.

ಗುಳೇದಗುಡ್ಡದಾಂವ
ಹಂಗಾದ್ರ ಉಳದ ಅರ್ಧ ಕೇಜಿ? ಗಟಾರಕ್ಕ ಚೆಲ್ಲಲೇನು?

ಇಳಕಲ್_ಬಣ್ಣದಮನಿ
ಗಟಾರದಾಗ ಹಂದಿ ನಾಯಿ ಅಡ್ಡಾಡ್ತಾವ, ಹುಡುಗೂರು ಬರಿಗಾಲಿಲೆ ಹಾಯ್ತಾವ, ಹಂಗ ಚೆಲ್ಲಬ್ಯಾಡೋ ತಮ್ಮಾ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ತಿರುವೋ ಮುಚ್ಚಳ ಬಿಗಿ ಮಾಡಿ ಮ್ಯಾಲ ದಪ್ಪ ಅಕ್ಷರದಾಗ ಬರದು ನಿಮ್ಮೂರಾಗಿನ ಯಾವದರ ಬಣ್ಣದ ಮನಿಗೆ ಕೊಡು. ಖಣದ ನೂಲಿಗೆ ಹಾಕ್ತಾರ, ಒಂದ ದಿನದಾಗ ಖರ್ಚಾಗತೈತಿ. ಜರ್ಮನ್ ಡಬ್ಬಿಗೆ ಮಾತ್ರ ಹಾಕಬ್ಯಾಡ 😄

ಕುಂದಾನಗರಿ
ಖಣ ಅಂದಿದ್ದಕ್ಕ ನೆನಪಾತು, ಮರ್ಸರೈಸ್ಡ್ ನೂಲು ಅಂತ ಬರ್ತೈತಲ್ಲ ಹೊಳಪಿಂದು, ಅದೂ ಕಾಸ್ಟಿಕ್ ಕೆಲಸಾನ ಅಲ್ಲೇನ್ರಿ?

ಇಳಕಲ್_ಬಣ್ಣದಮನಿ
ಹೌದ. 1844ರ ಸುಮಾರಿಗೆ ಇಂಗ್ಲೆಂಡಿನ ಜಾನ್ ಮರ್ಸರ್ ಕಂಡ ಹಿಡದದ್ದು, ಅವನ ಹೆಸರ ಬಂತು. ಗಟ್ಟಿ ಕಾಸ್ಟಿಕ್‌ನ್ಯಾಗ ಹತ್ತಿ ಎಳಿ ಉಬ್ಬಿ ದುಂಡಗಾಗತೈತಿ. ಎಳದು ಹಿಡದು ಅದ್ದಿದ್ರ ಹೊಳಪು ಬರ್ತೈತಿ, ಬಣ್ಣಾನೂ ಜಾಸ್ತಿ ಕುಡೀತೈತಿ. ಅವನ ಕಾಲಕ್ಕ ಎಳದ ಹಿಡಿಯೂದು ಗೊತ್ತಿರಲಿಲ್ಲ, ಹೊಳಪಿನ ಸಂಗತಿ ಆಮ್ಯಾಲ ಬ್ಯಾರೆಯಾರು ಕಂಡ ಹಿಡದ್ರು.

ಬಾದಾಮಿ_ಬನಶಂಕರಿ
ಇಷ್ಟೊಂದು ಕಾಸ್ಟಿಕ್ ಬರೂದರ ಎಲ್ಲಿಂದ, ಗಣಿ ಐತೇನು?

ನಿವೃತ್ತ_ಮಾಸ್ತರ
ಗಣಿ ಇಲ್ಲ, ಉಪ್ಪು. ಉಪ್ಪನೀರಿಗೆ ಕರೆಂಟ್ ಹಾಯಿಸಿದ್ರ ಒಂದ ಕಡೆ ಕ್ಲೋರಿನ್, ಇನ್ನೊಂದ ಕಡೆ ಹೈಡ್ರೋಜನ್ ಮತ್ತ ಕಾಸ್ಟಿಕ್. ನಮ್ಮ ರಾಜ್ಯದಾಗ ಕಾರವಾರ ಹತ್ರ ಬಿಣಗಾದಾಗ ಕಾರ್ಖಾನಿ ಐತಿ. ಉಪ್ಪಿನ ಭರಣಿ ಬಾಜೂಕ ಇಟ್ಟಿದ್ದೆ ಅಂದ್ರಲ್ಲ, ತವರಮನಿಗೆ ಹೋಗಿ ಕುಂತಿತ್ತು ಪಾಪ.

ಗುಳೇದಗುಡ್ಡದಾಂವ
ಎಲ್ಲಾರಿಗೂ ಶರಣ್ರಿ. ಇವತ್ತಿನ ಸುದ್ದಿ. ಪಾದಾ ಮಾಸ್ತರ ಹೇಳಿದಂಗ ತೊಳದೆ, ಸಿಸ್ಟರ್ ಹೇಳಿದಂಗ ದವಾಖಾನ್ಯಾಗ ತೋರಿಸಿದೆ, ಮುಲಾಮ ಕೊಟ್ಟಾರ. ಸೋಡಾ ಡಬ್ಬಿಗೆ ಹಾಕಿ ವಿಷ ಅಂತ ಬರದು ನಮ್ಮ ಓಣಿ ಬಣ್ಣದ ಮನಿ ಕಾಕಾಗ ಕೊಟ್ಟೆ, ಅಂವ ಬೊಟ್ಟ ಹಚ್ಚಿ ತಿಕ್ಕಿ ನೋಡಿ ಚಲೋ ಐತಿ ಅಂದ, ನಾ ಬೈದೆ. ಬಚ್ಚಲಕ್ಕ ನಳದ ಕೆಲಸದಾಂವನ್ನ ಕರಸಿದ್ವಿ. ಅಂವ ತಂತಿ ಹಾಕಿ ಗುದ್ದಾಡಿ ಅರ್ಧ ತಾಸಿಗೆ ಹೊರಗ ತಗದದ್ದು ಏನಂತೀರಿ, ಅವ್ವ ಹಿಮ್ಮಡ ತಿಕ್ಕೋ ಕಲ್ಲು! ಹೋದ ತಿಂಗಳಿಂದ ಅಕಿ ಅದನ್ನ ಹುಡುಕಾಕತ್ತಿದ್ಲು.

ಹುಲಿ_ಬೆಳಗಾವಿ
ಕಲ್ಲಿಗೆ ಆ್ಯಸಿಡ್ ಹಾಕಿದ್ರ

ಮುಧೋಳ_ಸೀಮಿ
ಸುಮ್ಮಿರ್ರಿ ಮಾರಾಯ್ರ.

ಕುಂದಾನಗರಿ
ಬೋಗಾಣಿ ಏನಾತು? ಮೋಡಕಾದಾಂವಗ ಹಾಕಿದ್ರೇನು?

ಗುಳೇದಗುಡ್ಡದಾಂವ
ಅವ್ವ ಬಿಡ್ತಾಳೇನ್ರಿ. ಮೂರ ಸಲ ತೊಳದು ಮಣ್ಣ ತುಂಬಿ ದಾಸವಾಳ ಹಚ್ಯಾಳ, ನೀರ ಹೋಗಾಕ ತೂತ ಹೆಂಗೂ ಬಿದ್ದೈತಲ್ಲ ಅಂತಾಳ.